ಪಿಯೆರ್ ಆಂದ್ರೆ ಲಾತ್ರೇಯ್

ಪಿಯೆರ್ ಆಂದ್ರೆ ಲಾತ್ರೇಯ್ (ನವೆಂಬರ್ ೨೯, ೧೭೬೨ – ಫೆಬ್ರವರಿ ೬, ೧೮೩೩) ಫ್ರಾನ್ಸ್ ದೇಶದ ಪ್ರಾಣಿವಿಜ್ಞಾನಿ ಹಾಗೂ ಕೀಟವಿಜ್ಞಾನಿ. ಕೀಟ, ಜೇಡ, ಏಡಿ, ಸೀಗಡಿ ಮೊದಲಾದ ಸಂಧಿಪದಿಗಳನ್ನು ಸ್ವಾಭಾವಿಕ ಕುಟುಂಬಗಳಾಗಿ ವಿಂಗಡಿಸಿದವರಲ್ಲಿ ಅಗ್ರಗಣ್ಯ. ಎಲೆದುಂಬಿಗಳ ಕುಟುಂಬವಾದ ಕ್ರೈಸೋಮೆಲಿಡೇಯನ್ನು ೧೮೦೨ರಲ್ಲಿ ಸ್ಥಾಪಿಸಿದವನು ಈತನೇ. ಪಾದ್ರಿಯಾಗಲು ಓದಿದ ಈತ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆಮನೆ ಸೇರಿ, ಅಲ್ಲಿ ಕಂಡ ಒಂದು ಸಣ್ಣ ದುಂಬಿಯ ಕಾರಣದಿಂದ ಜೀವಂತವಾಗಿ ಹೊರಬಂದ ಸಂಗತಿ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಜನನ ಮತ್ತು ಬಾಲ್ಯ

ಲಾತ್ರೇಯ್ ಫ್ರಾನ್ಸಿನ ನೈಋತ್ಯ ಭಾಗದ ಲಿಮೂಸೀನ್ ಪ್ರಾಂತದ ಬ್ರೀವ್ ಪಟ್ಟಣದಲ್ಲಿ ಜನಿಸಿದ. ತಂದೆ ಸೇನಾಧಿಕಾರಿಯಾಗಿದ್ದ ಬ್ಯಾರನ್ ಎಸ್ಪಾನ್ಯಾಕ್. ವಿವಾಹಬಾಹಿರವಾಗಿ ಹುಟ್ಟಿದ ಈ ಮಗುವನ್ನು ಆತ ತನ್ನದೆಂದು ಎಂದೂ ಅಧಿಕೃತವಾಗಿ ಒಪ್ಪಿಕೊಳ್ಳಲಿಲ್ಲ. ತಾಯಿ ಮಗುವನ್ನು ಹುಟ್ಟಿದೊಡನೆಯೇ ತೊರೆದಳು. ಲಾತ್ರೇಯ್ ಎಂಬುದು ಮೊದಲಿಗೆ ರೂಢಿಯಿಂದ ಬಂದ ಅಡ್ಡಹೆಸರು. ಅದಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು ೧೮೧೩ರಲ್ಲಿ, ಅಂದರೆ ಆತನಿಗೆ ಐವತ್ತು ವರ್ಷ ತುಂಬಿದ ಬಳಿಕ. ಅಷ್ಟರಲ್ಲಿ ಆತ ಸಾವಿರಾರು ಜೀವಿಗಳ ನಾಮಕರಣ ಹಾಗೂ ವಿಂಗಡಣೆಯ ಕಾರ್ಯದಲ್ಲಿ ಯೂರೋಪಿನಾದ್ಯಂತ ಹೆಸರಾಗಿದ್ದ.

ತಂದೆತಾಯಿಯರ ಆಸರೆ ಇಲ್ಲದಿದ್ದರೂ ಬಾಲಕನಿಗೆ ಪೋಷಕರ ಕೊರತೆಯಾಗಲಿಲ್ಲ. ಮೊದಲು ಒಬ್ಬ ವೈದ್ಯ, ಬಳಿಕ ಬ್ರೀವ್ ಪಟ್ಟಣದ ಒಬ್ಬ ವ್ಯಾಪಾರಿ, ಮುಂದೆ ಬ್ಯಾರನ್ ಮನೆತನದವರು ಈತನನ್ನು ನೋಡಿಕೊಂಡರು.

ವಿದ್ಯಾಭ್ಯಾಸ

೧೭೭೮ರಲ್ಲಿ ಲಾತ್ರೇಯ್‌ನನ್ನು ಪ್ಯಾರಿಸ್ಸಿಗೆ ಕರೆತಂದು ಕಾರ್ಡಿನಲ್ ಲೆಮ್ವಾನ್ ಕಾಲೇಜಿಗೆ ಸೇರಿಸಲಾಯಿತು. ಅಲ್ಲಿ ಸ್ಫಟಿಕ ವಿಜ್ಞಾನದ ಪ್ರವರ್ತಕನಾದ ರೆನೆ ಜುಸ್ತ್ ಆಯುಯಿಯಿಂದ ಸಸ್ಯಶಾಸ್ತ್ರದ ಪಾಠ ದೊರೆಯಿತು. ಆಯುಯಿಯ ಮೂಲಕ ಲಾಮಾರ್ಕ್‌ನ ಪರಿಚಯವಾಯಿತು. ಬಿಡುವಿನ ವೇಳೆಯಲ್ಲಿ ಈತ ರಾಜೋದ್ಯಾನಕ್ಕೆ ಹೋಗಿ ಅಲ್ಲಿನ ಸಸ್ಯ ಹಾಗೂ ಪ್ರಾಣಿಸಂಗ್ರಹವನ್ನು ನೋಡುತ್ತಿದ್ದ. ನಗರದ ಸುತ್ತಲಿನ ಹೊಲಗದ್ದೆಗಳಲ್ಲಿ ಕೀಟಗಳನ್ನು ಹಿಡಿಯುತ್ತಿದ್ದ. ೧೭೮೦ರಲ್ಲಿ ಲಿಮೋಜ್ ನಗರದ ಧರ್ಮಶಿಕ್ಷಣ ಶಾಲೆಯನ್ನು ಸೇರಿ ೧೭೮೬ರಲ್ಲಿ ದೀಕ್ಷೆ ಪಡೆದು ಹೊರಬಂದ. ಆದರೆ ಚರ್ಚಿನ ವೃತ್ತಿಯಲ್ಲಿ ಈತ ತೊಡಗಲಿಲ್ಲ. ಮನಸ್ಸು ಕೀಟಗಳತ್ತಲೇ ಇತ್ತು.

ಸೆರೆವಾಸ ಮತ್ತು ಬಿಡುಗಡೆ

೧೭೮೯ರಲ್ಲಿ ಆರಂಭವಾದ ಕ್ರಾಂತಿ ಫ್ರಾನ್ಸಿನ ಚರ್ಚನ್ನು ಸರ್ಕಾರದ ಅಧೀನಕ್ಕೆ ತಂದಿತು. ೧೭೯೦ರ ಶಾಸನದ ಪ್ರಕಾರ ಪಾದ್ರಿಗಳೆಲ್ಲರೂ ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಪ್ರಮಾಣ ಮಾಡದವರು ದ್ರೋಹಿಗಳೆನಿಸಿಕೊಂಡರು. ಲಾತ್ರೇಯ್ ಈ ಆಪಾದನೆಗೆ ಗುರಿಯಾಗಿ ೧೭೯೩ರ ನವೆಂಬರ್ ತಿಂಗಳಲ್ಲಿ ಬಂಧಿತನಾದ. ಬೋರ್ಡೋ ನಗರದ ಸೆರೆಮನೆಯಲ್ಲಿ ಇತರ ಪಾದ್ರಿಗಳೊಡನೆ ಆತ ಶಿಕ್ಷೆಯನ್ನು ಎದುರು ನೋಡುತ್ತಿದ್ದ. ಮರಣದಂಡನೆಯ ಭಯ ಎಲ್ಲರನ್ನೂ ಆವರಿಸಿತ್ತು.

ಒಂದು ದಿನ ಬಂದಿಗಳ ಆರೋಗ್ಯ ಪರೀಕ್ಷೆಗೆ ಬಂದ ವೈದ್ಯ, ಕತ್ತಲೆಯ ಕೋಣೆಯ ನೆಲದ ಮೇಲೆ ಹರಿದಾಡುತ್ತಿದ್ದ ಪುಟ್ಟ ದುಂಬಿಯೊಂದನ್ನು ಈತ ತದೇಕಚಿತ್ತದಿಂದ ಪರೀಕ್ಷಿಸುತ್ತಿರುವುದನ್ನು ಕಂಡು ಅಚ್ಚರಿಗೊಂಡ. ಕಾರಣ ಕೇಳಿದಾಗ ಅದು ಅಪರೂಪದ ಕೀಟವೆಂದು ಲಾತ್ರೇಯ್ ತಿಳಿಸಿದ. ವೈದ್ಯ ಆ ದುಂಬಿಯನ್ನು ಪಡೆದು, ನಗರದಲ್ಲಿದ್ದ ಬೋರಿ ದ ಸೇಂಟ್ ವಿನ್ಸೆಂಟ್ ಎಂಬ ಹದಿನೈದು ವರ್ಷದ ಹುಡುಗನಿಗೆ ಕಳುಹಿಸಿದ. ಮುಂದೆ ನಿಸರ್ಗ ವಿಜ್ಞಾನಿಯಾಗಿ ಹೆಸರಾದ ಈ ಹುಡುಗನಿಗೆ ಲಾತ್ರೇಯ್‌ನ ಕೀಟಾಧ್ಯಯನದ ಬಗ್ಗೆ ಆಗಲೇ ತಿಳಿದಿತ್ತು. ತನ್ನ ಕಡೆಯವರ ಪ್ರಭಾವವನ್ನು ಬಳಸಿ ಲಾತ್ರೇಯ್ ಹಾಗೂ ಆತನ ಒಬ್ಬ ಸಹಬಂದಿಯ ಬಿಡುಗಡೆಗೆ ಅವನು ಏರ್ಪಾಟು ಮಾಡಿಸಿದ. ಸೆರೆಯಲ್ಲಿ ಉಳಿದವರು ಒಂದು ತಿಂಗಳೊಳಗೆ ಮೃತರಾದರೆಂದು ಜೀವನಚರಿತ್ರಕಾರರು ಹೇಳುತ್ತಾರೆ.

ಆ ದುಂಬಿಯ ಹೆಸರು ನೆಕ್ರೋಬಿಯಾ ರುಫಿಕೋಲಿಸ್. ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಇದನ್ನು ೧೭೭೫ರಲ್ಲಿಯೇ ವರ್ಣಿಸಿದ್ದ. ಒಣಗಿದ ಮಾಂಸ, ಸತ್ತ ಪ್ರಾಣಿಗಳ ಶೇಷ ಮುಂತಾದವುಗಳಲ್ಲಿ ಕಂಡುಬರುವ ಕೀಟ ಇದು. ನೆಕ್ರೋಬಿಯಾ ಎಂಬುದು ಸಾವು ಮತ್ತು ಬದುಕು ಎಂಬರ್ಥದ ಎರಡು ಗ್ರೀಕ್ ಪದಗಳಿಂದಾದ ಹೆಸರು.

ಬಿಡುಗಡೆಯ ನಂತರ ಲಾತ್ರೇಯ್ ಪಾಠ ಹೇಳಿ ಜೀವನ ಸಾಗಿಸುತ್ತ, ಫ್ಯಾಬ್ರಿಷಿಯಸ್ ಮೊದಲಾದ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸಿದ. ಫ್ಯಾಬ್ರಿಷಿಯಸ್‌ನ ಪ್ರೋತ್ಸಾಹದಿಂದ ಕೀಟಗಳ ಜಾತಿಲಕ್ಷಣಗಳನ್ನು ಕುರಿತ ತನ್ನ ಮೊದಲ ಮುಖ್ಯ ಗ್ರಂಥವನ್ನು ೧೭೯೬ರಲ್ಲಿ ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ. ಮರುವರ್ಷ ಮತ್ತೊಮ್ಮೆ ಗೃಹಬಂಧನಕ್ಕೆ ಒಳಗಾಗಬೇಕಾಯಿತು; ಪುಸ್ತಕಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಲಾಮಾರ್ಕ್, ಕುವಿಯೇ ಹಾಗೂ ಲಾಸೆಪೇಡ್ ಮಧ್ಯೆ ಪ್ರವೇಶಿಸಿ ಈತನನ್ನು ಬಿಡಿಸಿದರು.

ಪ್ಯಾರಿಸ್ ಸಂಗ್ರಹಾಲಯದಲ್ಲಿ ಸೇವೆ

ಹಿಂದಿನ ರಾಜೋದ್ಯಾನ ಕ್ರಾಂತಿಯ ಕಾಲದಲ್ಲಿ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯವಾಗಿ ಮಾರ್ಪಟ್ಟಿತ್ತು. ೧೭೯೮ರಲ್ಲಿ ಲಾತ್ರೇಯ್ ಅಲ್ಲಿ ನೇಮಕಗೊಂಡು ಲಾಮಾರ್ಕ್‌ನ ಜೊತೆಯಲ್ಲಿ ಕೀಟಸಂಗ್ರಹದ ವ್ಯವಸ್ಥೆಯನ್ನು ವಹಿಸಿಕೊಂಡ. ದೂರದೇಶಗಳಿಗೆ ಹೋದ ಅನ್ವೇಷಕರಿಂದ ಮಾದರಿಗಳು ಸಂಗ್ರಹಾಲಯಕ್ಕೆ ಬಂದು ಸೇರುತ್ತಿದ್ದ ಕಾಲವದು. ದಕ್ಷಿಣ ಅಮೆರಿಕದಲ್ಲಿ ಹಂಬೋಲ್ಟ್ ಮತ್ತು ಬೊನ್‌ಪ್ಲಾಂಡ್ ಸಂಗ್ರಹಿಸಿದ ಕೀಟಗಳ ವರ್ಣನೆಯನ್ನು ಬರೆದವನೂ ಲಾತ್ರೇಯ್.

ಮುಂದಿನ ದಶಕ ಈತನ ಬರವಣಿಗೆಯ ಸುವರ್ಣಕಾಲ. ಇರುವೆಗಳನ್ನು ಕುರಿತ ಗ್ರಂಥ ೧೮೦೨ರಲ್ಲಿ ಬಂದಿತು. ಕಠಿಣಚರ್ಮಿಗಳು ಮತ್ತು ಕೀಟಗಳ ನಿಸರ್ಗ ಚರಿತ್ರೆ ೧೮೦೨ರಿಂದ ೧೮೦೫ರವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಅದೇ ಜೀವಿಗಳ ಜಾತಿಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಬರೆದ ನಾಲ್ಕು ಸಂಪುಟಗಳು ೧೮೦೬ರಿಂದ ೧೮೦೯ರ ನಡುವೆ ಪ್ರಕಟವಾದವು. ಕುವಿಯೇಯ ಪ್ರಸಿದ್ಧ ಪ್ರಾಣಿಸಾಮ್ರಾಜ್ಯ ಗ್ರಂಥದಲ್ಲಿ (೧೮೧೭) ಕೀಟ, ಜೇಡ ಮತ್ತು ಕಠಿಣಚರ್ಮಿಗಳ ಭಾಗ ಪೂರ್ತಿಯಾಗಿ ಲಾತ್ರೇಯ್‌ನ ಕೃತಿ.

ವರ್ಗೀಕರಣಕ್ಕೆ ಕೊಡುಗೆ

ಲಾತ್ರೇಯ್‌ಗಿಂತ ಹಿಂದೆ ಕೀಟಗಳನ್ನು ಯಾವುದಾದರೂ ಒಂದೇ ಅಂಗದ ಆಧಾರದ ಮೇಲೆ ವಿಂಗಡಿಸುವುದು ರೂಢಿಯಾಗಿತ್ತು. ಸ್ವೀಡನ್ನಿನ ಲಿನಿಯಸ್ ಮುಖ್ಯವಾಗಿ ರೆಕ್ಕೆಗಳನ್ನು, ಆತನ ಶಿಷ್ಯ ಫ್ಯಾಬ್ರಿಷಿಯಸ್ ಬಾಯಿಯ ಭಾಗಗಳನ್ನು ಆಧಾರವಾಗಿಟ್ಟುಕೊಂಡರು. ಇಂತಹ ಪದ್ಧತಿಯಲ್ಲಿ ಕೀಟದ ಹೆಸರನ್ನು ಗುರುತಿಸುವುದು ಸುಲಭ. ಆದರೆ ಒಂದಕ್ಕೊಂದು ಸಂಬಂಧವಿಲ್ಲದವು ಒಂದೆಡೆ ಸೇರಿ, ಹತ್ತಿರದವು ದೂರವಾಗುವ ದೋಷ ಅದರಲ್ಲಿತ್ತು. ಲಾತ್ರೇಯ್ ರೆಕ್ಕೆ, ಬಾಯಿ, ಮೀಸೆ, ಪಾದ, ರೂಪಾಂತರದ ಕ್ರಮ ಎಲ್ಲವನ್ನೂ ಒಟ್ಟಾಗಿ ತೂಗಿ ನೋಡಿದ. ಅನೇಕ ಲಕ್ಷಣಗಳಲ್ಲಿ ಹೋಲುವ ಜಾತಿಗಳನ್ನು ಸೇರಿಸಿ ಅದನ್ನು ಕುಟುಂಬವೆಂದು ಕರೆದ. ಸಸ್ಯಗಳಲ್ಲಿ ಈ ಬಗೆಯ ಸ್ವಾಭಾವಿಕ ಕುಟುಂಬಗಳು ಆಗಲೇ ಬಳಕೆಗೆ ಬಂದಿದ್ದವು. ಅವುಗಳನ್ನು ಕೀಟಲೋಕದಲ್ಲಿ ವ್ಯವಸ್ಥಿತವಾಗಿ ನೆಲೆಗೊಳಿಸಿದ ಕೀರ್ತಿ ಈತನದು. ೧೭೯೬ರ ಗ್ರಂಥದಲ್ಲಿ ಕುಟುಂಬಗಳ ಲಕ್ಷಣಗಳಷ್ಟೇ ಇದ್ದವು. ಅವುಗಳಿಗೆ ಹೆಸರುಗಳು ೧೮೦೨ರಿಂದ ಬಂದವು.

ತನ್ನ ವ್ಯವಸ್ಥೆಯೇ ಅಂತಿಮವೆಂದು ಈತ ಭಾವಿಸಲಿಲ್ಲ. ಪ್ರತಿಯೊಂದು ಹೊಸ ಗ್ರಂಥದಲ್ಲಿಯೂ ಕುಟುಂಬಗಳ ಸ್ಥಾನವನ್ನು ತಿದ್ದುತ್ತ ಹೋದ.

೧೮೧೦ರ ಗ್ರಂಥದಲ್ಲಿ ಪ್ರತಿಯೊಂದು ಜಾತಿಗೂ ಉದಾಹರಣೆಯಾಗಿ ನಿಲ್ಲುವ ಪ್ರಭೇದಗಳ ಪಟ್ಟಿಯನ್ನು ನೀಡಿದ್ದು ಈತನ ಮತ್ತೊಂದು ಮಹತ್ವದ ಕಾರ್ಯ. ಒಂದು ಜಾತಿಯನ್ನು ಮುಂದಿನವರು ಒಡೆದಾಗ ಮೂಲ ಹೆಸರು ಯಾವ ಭಾಗಕ್ಕೆ ಸಲ್ಲಬೇಕೆಂಬ ಗೊಂದಲವನ್ನು ಇಂತಹ ಮಾದರಿ ಪ್ರಭೇದಗಳು ಪರಿಹರಿಸುತ್ತವೆ. ಅಂತಾರಾಷ್ಟ್ರೀಯ ಪ್ರಾಣಿ ನಾಮಕರಣ ಆಯೋಗ ಇಪ್ಪತ್ತನೆಯ ಶತಮಾನದಲ್ಲಿ ಈ ಪಟ್ಟಿಗೆ ಮಾನ್ಯತೆ ನೀಡಿತು.

ಎಲೆದುಂಬಿಗಳ ಕುಟುಂಬ

ಲಾತ್ರೇಯ್‌ನ ವಿಧಾನದ ಗುಣ ಹಾಗೂ ಮಿತಿ ಎರಡನ್ನೂ ಎಲೆದುಂಬಿಗಳ ವರ್ಗೀಕರಣದಲ್ಲಿ ಸ್ಪಷ್ಟವಾಗಿ ಕಾಣಬಹುದು. ಲಿನಿಯಸ್ ೧೭೫೮ರಲ್ಲಿ ಕ್ರೈಸೋಮೆಲಾ ಎಂಬ ಜಾತಿಯನ್ನು ಸ್ಥಾಪಿಸಿ ಅನೇಕ ಬಗೆಯ ಹೊಳೆಯುವ ಸಣ್ಣ ದುಂಬಿಗಳನ್ನು ಅದರಲ್ಲಿ ಸೇರಿಸಿದ್ದ. ಈ ಹೆಸರಿನ ಮೊದಲ ಭಾಗಕ್ಕೆ ಗ್ರೀಕ್ ಭಾಷೆಯಲ್ಲಿ ಚಿನ್ನ ಎಂದರ್ಥ. ಫ್ರಾನ್ಸಿನ ಜೆಫ್ರುವಾ ೧೭೬೨ರಲ್ಲಿ ಗ್ಯಾಲರೂಕಾ, ಆಲ್ಟಿಕಾ, ಕ್ರಿಯೋಸೆರಿಸ್, ಕ್ರಿಪ್ಟೋಸೆಫಲಸ್ ಎಂಬ ಜಾತಿಗಳನ್ನು ಬೇರ್ಪಡಿಸಿದ. ಫ್ಯಾಬ್ರಿಷಿಯಸ್ ೧೭೭೫ರಲ್ಲಿ ಡೊನೇಸಿಯಾವನ್ನು ಸೇರಿಸಿದ.

ಈ ಜಾತಿಗಳು ನೋಟದಲ್ಲಿಯೂ ನಡತೆಯಲ್ಲಿಯೂ ಬಹಳ ಭಿನ್ನವಾದವು. ಆಲ್ಟಿಕಾ ಗುಂಪಿನ ದುಂಬಿಗಳು ದಪ್ಪವಾದ ಹಿಂದೊಡೆಗಳ ಬಲದಿಂದ ಚಿಗಟದಂತೆ ನೆಗೆಯುತ್ತವೆ. ಡೊನೇಸಿಯಾ ನೀರಿನ ಸಸ್ಯಗಳನ್ನು ಅವಲಂಬಿಸಿದೆ. ಆಮೆಯ ಚಿಪ್ಪಿನಂತಹ ಹೊದಿಕೆಯುಳ್ಳ ಕ್ಯಾಸಿಡಾದ ಮರಿಹುಳು ತನ್ನ ಹಿಕ್ಕೆಯನ್ನೇ ಬೆನ್ನ ಮೇಲೆ ಗುರಾಣಿಯಂತೆ ಹೊರುತ್ತದೆ. ಕ್ರಿಪ್ಟೋಸೆಫಲಸ್‌ನ ಮರಿಹುಳು ಚೀಲದಂತಹ ಗೂಡಿನೊಳಗಿದ್ದು ಅದನ್ನು ಎಳೆದುಕೊಂಡೇ ಸಂಚರಿಸುತ್ತದೆ. ಇಷ್ಟು ಭಿನ್ನತೆಯ ನಡುವೆಯೂ ಮೀಸೆ, ಬಾಯಿ ಮತ್ತು ಪಾದಗಳ ರಚನೆಯಲ್ಲಿ ಸಾಮ್ಯವಿರುವುದನ್ನು ಗಮನಿಸಿ ಲಾತ್ರೇಯ್ ೧೮೦೨ರಲ್ಲಿ ಕ್ರೈಸೋಮೆಲಾವನ್ನು ಮೂಲವಾಗಿಟ್ಟುಕೊಂಡು ಕುಟುಂಬದ ಹೆಸರನ್ನು ರೂಪಿಸಿದ. ಹೆಸರಿನ ಇಂದಿನ ಅಂತ್ಯ ನಂತರದ ಕಾಲದಲ್ಲಿ ರೂಢಿಗೆ ಬಂದದ್ದು.

ಜೆಫ್ರುವಾನನ್ನು ಅನುಸರಿಸಿ ಲಾತ್ರೇಯ್ ದುಂಬಿಗಳನ್ನು ಪಾದದ ಗೆಣ್ಣುಗಳ ಸಂಖ್ಯೆಯ ಮೇಲೆ ದೊಡ್ಡ ವಿಭಾಗಗಳಾಗಿ ಒಡೆದಿದ್ದ. ಎಲೆದುಂಬಿಗಳು, ಉದ್ದ ಮೀಸೆಯ ದುಂಬಿಗಳು ಹಾಗೂ ಸೊಂಡಿಲು ದುಂಬಿಗಳು ನಾಲ್ಕು ಗೆಣ್ಣುಗಳ ವಿಭಾಗಕ್ಕೆ ಸೇರಿದ್ದವು. ವಾಸ್ತವವಾಗಿ ಅವುಗಳಿಗೆ ಐದು ಗೆಣ್ಣುಗಳಿವೆ. ನಾಲ್ಕನೆಯದು ಅತಿ ಚಿಕ್ಕದಾಗಿ ಮೂರನೆಯದರ ಹಾಲೆಗಳ ನಡುವೆ ಅಡಗಿರುತ್ತದೆ. ಎಣಿಕೆ ಸರಿಯಿರದಿದ್ದರೂ ಈ ಮೂರು ಗುಂಪುಗಳು ಪರಸ್ಪರ ಸಮೀಪದವೆಂಬ ನಿರ್ಣಯವನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ಕಾಳುಗಳನ್ನು ಕೊರೆಯುವ ಬ್ರೂಕಸ್ ಗುಂಪಿನ ವಿಷಯದಲ್ಲಿ ಮಾತ್ರ ಈತನ ತೀರ್ಮಾನ ನಿಲ್ಲಲಿಲ್ಲ. ೧೮೦೨ರಲ್ಲಿ ಅದಕ್ಕೆ ಬೇರೆಯದೇ ಕುಟುಂಬವನ್ನು ಕಲ್ಪಿಸಿದ ಲಾತ್ರೇಯ್, ಅದರ ಮುಂಚಾಚಿದ ಮೂತಿಯನ್ನು ನೋಡಿ ಸೊಂಡಿಲು ದುಂಬಿಗಳ ಸಾಲಿನಲ್ಲಿ ಇರಿಸಿದ. ಬಹುಕಾಲ ಬೇರೆ ಕುಟುಂಬವಾಗಿಯೇ ಉಳಿದಿದ್ದ ಈ ಗುಂಪನ್ನು ಈಗ ಎಲೆದುಂಬಿಗಳದೇ ಒಂದು ಉಪಕುಟುಂಬವೆಂದು ಪರಿಗಣಿಸಲಾಗುತ್ತದೆ. ಈತನೇ ಕೊಟ್ಟ ಎರಡು ಹೆಸರುಗಳಲ್ಲಿ ಒಂದು ಇನ್ನೊಂದರೊಳಗೆ ಸೇರಿದಂತಾಗಿದೆ.

ಗೌರವಗಳು

ಒಲಿವಿಯೇ ಎಂಬ ಕೀಟವಿಜ್ಞಾನಿಯ ನಿಧನದಿಂದ ತೆರವಾದ ಸ್ಥಾನಕ್ಕೆ ೧೮೧೪ರಲ್ಲಿ ಲಾತ್ರೇಯ್ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿ ಆಯ್ಕೆಯಾದ. ೧೮೨೧ರಲ್ಲಿ ಲೀಜನ್ ಆಫ್ ಆನರ್ ಪ್ರಶಸ್ತಿ ದೊರೆಯಿತು. ಲಾಮಾರ್ಕ್ ದೃಷ್ಟಿ ಕಳೆದುಕೊಂಡ ಮೇಲೆ ಆತನ ಉಪನ್ಯಾಸಗಳನ್ನು ಲಾತ್ರೇಯ್ ನಡೆಸಿಕೊಟ್ಟ. ಆದರೂ ಪ್ರಾಧ್ಯಾಪಕ ಪದವಿ ಸುಲಭವಾಗಿ ಒದಗಲಿಲ್ಲ. ೧೮೨೯ರಲ್ಲಿ ಲಾಮಾರ್ಕ್ ತೀರಿಕೊಂಡ ಬಳಿಕ ಆತನ ಪೀಠವನ್ನು ಎರಡಾಗಿ ವಿಭಜಿಸಿ, ಕಠಿಣಚರ್ಮಿ, ಜೇಡ ಹಾಗೂ ಕೀಟಗಳ ಪೀಠವನ್ನು ಲಾತ್ರೇಯ್‌ಗೆ ನೀಡಲಾಯಿತು. ಆಗ ಆತನ ವಯಸ್ಸು ಅರವತ್ತೇಳು ದಾಟಿತ್ತು. ೧೮೩೨ರಲ್ಲಿ ಫ್ರಾನ್ಸಿನ ಕೀಟವಿಜ್ಞಾನ ಸಂಘ ಸ್ಥಾಪನೆಯಾದಾಗ ಗೌರವಾಧ್ಯಕ್ಷನಾಗಿ ಈತನನ್ನೇ ಆರಿಸಲಾಯಿತು.

ಕೊನೆಯ ದಿನಗಳು

೧೮೩೦ರ ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಲಾತ್ರೇಯ್‌ನ ಆರೋಗ್ಯವೂ ಕ್ಷೀಣಿಸಿತು. ೧೮೩೨ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿದಾಗ ಏಪ್ರಿಲ್ ತಿಂಗಳಲ್ಲಿ ಹುದ್ದೆಗೆ ರಾಜೀನಾಮೆ ನೀಡಿ ಹಳ್ಳಿಗೆ ತೆರಳಿದ. ನವೆಂಬರ್‌ನಲ್ಲಿ ನಗರಕ್ಕೆ ಹಿಂದಿರುಗಿ, ೧೮೩೩ರ ಫೆಬ್ರವರಿ ೬ರಂದು ಮೂತ್ರಕೋಶದ ಕಾಯಿಲೆಯಿಂದ ನಿಧನ ಹೊಂದಿದ. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಂಡಿದ್ದ ಸೋದರ ಸಂಬಂಧದ ಹುಡುಗಿ ಕೊನೆಗಾಲದಲ್ಲಿ ಜೊತೆಗಿದ್ದಳು. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಈತನ ಸಮಾಧಿಯಿದೆ. ಪ್ರಾಣ ಉಳಿಸಿದ ನೆಕ್ರೋಬಿಯಾ ದುಂಬಿಯನ್ನು ಅಲ್ಲಿನ ಸ್ಮಾರಕ ಸ್ತಂಭದ ಮೇಲೆ ಸ್ಮರಿಸಲಾಗಿದೆ.

ಪ್ರಭಾವ

ಜೇನುನೊಣಗಳ ಏಪಿಡೇ, ಇರುವೆಗಳ ಫಾರ್ಮಿಸಿಡೇ, ಗುಲಗಂಜಿ ಹುಳುಗಳ ಕಾಕ್ಸಿನೆಲಿಡೇ, ಸೊಂಡಿಲು ದುಂಬಿಗಳ ಕುರ್ಕುಲಿಯೋನಿಡೇ, ಉದ್ದ ಮೀಸೆಯ ದುಂಬಿಗಳ ಸೆರಾಂಬಿಸಿಡೇ ಮೊದಲಾದ ಅನೇಕ ಕುಟುಂಬಗಳ ಹೆಸರಿನೊಡನೆ ಸ್ಥಾಪಕನಾಗಿ ಲಾತ್ರೇಯ್‌ನ ಹೆಸರು ಇಂದಿಗೂ ಬರೆಯಲ್ಪಡುತ್ತದೆ. ಎಲೆದುಂಬಿಗಳ ಕುಟುಂಬದಲ್ಲಿ ಈಗ ಮೂವತ್ತೈದು ಸಾವಿರಕ್ಕೂ ಹೆಚ್ಚು ಪ್ರಭೇದಗಳು ತಿಳಿದುಬಂದಿವೆ.

ಕೃಷಿಯ ದೃಷ್ಟಿಯಿಂದಲೂ ಈ ಕುಟುಂಬಕ್ಕೆ ಮಹತ್ವವಿದೆ. ಆಲೂಗಡ್ಡೆಯ ಬೆಳೆಗೆ ಹಾನಿ ಮಾಡುವ ಕೊಲೊರಾಡೋ ದುಂಬಿ, ಭತ್ತದ ಎಲೆಗಳನ್ನು ಕೆರೆದು ಬಿಳಿಚಿಸುವ ಹಿಸ್ಪಾ, ಅಲಸಂದೆ ಮತ್ತು ಹೆಸರುಕಾಳುಗಳನ್ನು ಕಣಜದಲ್ಲಿಯೇ ಕೊರೆಯುವ ಹುಳು ಇವೆಲ್ಲ ಇದೇ ಕುಟುಂಬದವು. ಉಪಕಾರಿಗಳೂ ಇವೆ. ಕಾಂಗ್ರೆಸ್ ಕಳೆ ಎಂದು ಕರ್ನಾಟಕದಲ್ಲಿ ಹೆಸರಾದ ಪಾರ್ಥೇನಿಯಂ ಗಿಡದ ಹತೋಟಿಗಾಗಿ ಮೆಕ್ಸಿಕೋದಿಂದ ತಂದು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಜೈಗೊಗ್ರಾಮ ಬೈಕೊಲೊರಾಟ ಎಂಬುದು ಎಲೆದುಂಬಿಯೇ. ಕಳೆಯನ್ನು ಬಿಟ್ಟು ಬೆಳೆಯನ್ನು ತಿನ್ನದ ಕೀಟವನ್ನು ಆರಿಸಿಕೊಳ್ಳಬೇಕಾದಾಗ ಯಾವ ದುಂಬಿ ಯಾವುದಕ್ಕೆ ಹತ್ತಿರದ್ದು ಎಂಬ ತಿಳಿವಳಿಕೆ ಅವಶ್ಯಕ. ಸ್ವಾಭಾವಿಕ ಸಂಬಂಧಗಳನ್ನು ಅರಸಿದ ಲಾತ್ರೇಯ್‌ನ ವರ್ಗೀಕರಣ ಅಂತಹ ತಿಳಿವಳಿಕೆಗೆ ತಳಹದಿ ಹಾಕಿತು.