ಡಾ. ಆಲ್ಬರ್ಟ್ ಸೇಬಿನ್

ಪೋಲಿಯೋ ಎಂಬ ಹೆಸರನ್ನು ಕೇಳಿ ನಡುಗದ ತಾಯಂದಿರು ಒಂದು ಕಾಲದಲ್ಲಿ ವಿರಳವಾಗಿದ್ದರು. ಆ ಭಯವನ್ನು ಬಾಯಿಗೆ ಹಾಕುವ ಹನಿಗಳಿಂದ ದೂರಮಾಡಿದ ಮಹನೀಯರು ಡಾ. ಆಲ್ಬರ್ಟ್ ಬ್ರೂಸ್ ಸೇಬಿನ್. ಅವರ ಜೀವನವು ಒಂದು ಮಹಾಸಾಧನೆಯ ಚರಿತ್ರೆಯಾಗಿರುವಂತೆಯೇ ಆ ಸಾಧನೆಯ ಮಿತಿಯನ್ನು ಅರಿಯಲು ಸಾಧನವೂ ಆಗಿದೆ.

ಸೇಬಿನ್ ಅವರು 1906ರ ಆಗಸ್ಟ್ 26ರಂದು, ಅಂದು ರಷ್ಯಾ ಸಾಮ್ರಾಜ್ಯಕ್ಕೂ ಇಂದು ಪೋಲೆಂಡಿಗೂ ಸೇರಿದ ಬಿಯಾಲಿಸ್ಟಾಕ್ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. 1921ರಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಹೋಯಿತು. ಬಂಧುವೊಬ್ಬರ ನೆರವಿನಿಂದ ದಂತವೈದ್ಯ ವ್ಯಾಸಂಗವನ್ನು ಆರಂಭಿಸಿದ ಅವರು ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಮನಸೋತು ವೈದ್ಯಶಾಸ್ತ್ರದ ಕಡೆಗೆ ತಿರುಗಿ, 1931ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. 1939ರಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯನ್ನು ಸೇರಿದರು. ಪೋಲಿಯೋ ವೈರಸ್ಸು ಮನುಷ್ಯರ ಜೀರ್ಣನಾಳದಲ್ಲಿ ನೆಲೆಸುವುದನ್ನು 1941ರಲ್ಲಿ ಸಹೋದ್ಯೋಗಿ ರಾಬರ್ಟ್ ವಾರ್ಡರೊಡನೆ ತೋರಿಸಿಕೊಟ್ಟರು. ರೋಗವು ಬರುವ ದಾರಿಯಲ್ಲಿಯೇ ರಕ್ಷಣೆಯನ್ನೂ ಕಳುಹಿಸಬಹುದೆಂಬ ವಿಚಾರವು ಇದರಿಂದ ಬಲಗೊಂಡಿತು.

1955ರಲ್ಲಿ ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದು ಬಳಕೆಗೆ ಬಂದಿತು. ಅದರಲ್ಲಿದ್ದುದು ಸತ್ತ ವೈರಸ್ಸು. ಸೇಬಿನ್ ಅವರು ಆರಿಸಿಕೊಂಡುದು ಶಕ್ತಿಗುಂದಿಸಿದ ಜೀವಂತ ವೈರಸ್ಸು. ಶೀತಲ ಸಮರದ ದಿನಗಳಲ್ಲಿಯೂ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಅವರು ಈ ಲಸಿಕೆಯನ್ನು ಸ್ವಾಗತಿಸಿ, 1959ರಲ್ಲಿ ಒಂದು ಕೋಟಿಗೂ ಮಿಕ್ಕಿದ ಮಕ್ಕಳಿಗೆ ಹಾಕಿಸಿದರು. ಸೇಬಿನ್ ಅವರು ತಮ್ಮ ಲಸಿಕೆಗೆ ಪೇಟೆಂಟ್ ಪಡೆಯಲಿಲ್ಲ.

ಆದರೆ ಜೀವಂತ ವೈರಸ್ಸಿಗೆ ತನ್ನದೇ ಸ್ವಭಾವವುಂಟು. ಆರೋಗ್ಯವಂತ ಶಿಶುವಿನ ಕರುಳಿನಲ್ಲಿ ಅದು ಕೆಲವು ವಾರಗಳಷ್ಟೇ ಬೆಳೆದು, ದೇಹದ ಪ್ರತಿರೋಧಕ್ಕೆ ಸೋತು ಹೊರಹೋಗುತ್ತದೆ. ಹುಟ್ಟಿನಿಂದಲೇ ಪ್ರತಿಕಾಯಗಳನ್ನು ಉತ್ಪಾದಿಸಲಾರದ ಶಿಶುವಿನಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯಬಹುದು. ಇಂತಹ ನ್ಯೂನತೆಯೊಂದನ್ನು ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್ ಅವರು 1952ರಲ್ಲಿ ವರ್ಣಿಸಿದ್ದರು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಮಗುವನ್ನು ಕಾಯುವುದರಿಂದ, ಲಸಿಕೆ ಹಾಕುವ ವೇಳೆಗೆ ಕೊರತೆಯು ಹೆತ್ತವರಿಗೂ ವೈದ್ಯರಿಗೂ ತಿಳಿದಿರುವುದಿಲ್ಲ. ದೀರ್ಘಕಾಲ ಉಳಿದ ವೈರಸ್ಸಿನ ವಂಶವಾಹಿಯು ಅಲ್ಪಸ್ವಲ್ಪವಾಗಿ ಮಾರ್ಪಟ್ಟು, ಕಾಲುಗಳನ್ನು ನಿಶ್ಚೇಷ್ಟಗೊಳಿಸುವ ಹಿಂದಿನ ಶಕ್ತಿಯನ್ನು ಮರಳಿ ಪಡೆಯಬಲ್ಲದು. ಬ್ರಿಟನ್ನಿನ ಒಬ್ಬ ರೋಗಿಯ ದೇಹದಿಂದ ಇಂತಹ ವೈರಸ್ಸು 28 ವರ್ಷಗಳ ಕಾಲ ಹೊರಬೀಳುತ್ತಿದ್ದುದು 2015ರಲ್ಲಿ ಪ್ರಕಟವಾಯಿತು.

ಲಸಿಕೆಯಿಂದಲೇ ವಿರಳವಾಗಿ ಪಾರ್ಶ್ವವಾಯು ಉಂಟಾಗಬಹುದೆಂದು ಅಮೆರಿಕದ ತಜ್ಞರ ಸಮಿತಿಯು 1964ರಲ್ಲಿ ನಿರ್ಣಯಿಸಿದಾಗ ಸೇಬಿನ್ ಅವರು ಒಪ್ಪಲಿಲ್ಲ. 1993ರ ಮಾರ್ಚ್ 3ರಂದು ಅವರು ವಾಷಿಂಗ್ಟನ್ನಿನಲ್ಲಿ ನಿಧನರಾದರು. ಅನಂತರದ ಕಾಲವು ಸಮಿತಿಯ ಮಾತನ್ನೇ ಎತ್ತಿಹಿಡಿಯಿತು. 2000ದಲ್ಲಿ ಅಮೆರಿಕವು ಹನಿಗಳನ್ನು ಕೈಬಿಟ್ಟು ಚುಚ್ಚುಮದ್ದಿಗೆ ಮರಳಿತು. 2016ರ ಏಪ್ರಿಲಿನಲ್ಲಿ ಎರಡನೆಯ ಪ್ರಕಾರದ ವೈರಸ್ಸನ್ನು ಜಗತ್ತಿನಾದ್ಯಂತ ಹನಿಗಳಿಂದ ತೆಗೆಯಲಾಯಿತು. ಭಾರತವೂ 2015ರ ನವೆಂಬರಿನಿಂದ ಹನಿಗಳೊಡನೆ ಚುಚ್ಚುಮದ್ದನ್ನು ಸೇರಿಸಿಕೊಂಡಿತು.

ಇಷ್ಟರಿಂದ ಸೇಬಿನ್ ಅವರ ಕೀರ್ತಿಗೆ ಕುಂದಿಲ್ಲ. 1995ರಿಂದ ನಮ್ಮ ನಾಡಿನ ಊರೂರುಗಳಲ್ಲಿ ಪಲ್ಸ್ ಪೋಲಿಯೋ ದಿನದಂದು ಮಕ್ಕಳ ಬಾಯಿಗೆ ಬಿದ್ದುದು ಆ ಹನಿಗಳೇ. ಕಾಡು ವೈರಸ್ಸಿನ ಕೊನೆಯ ರೋಗಿಯು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂದ ಬಳಿಕ, 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂಬ ಮಾನ್ಯತೆ ಪಡೆಯಿತು. ಲಕ್ಷಾಂತರ ಮಕ್ಕಳನ್ನು ಉಳಿಸಿದ ಕಾರ್ಯವು ದೊಡ್ಡದು. ಅವರ ನಡುವೆ ರಕ್ಷಣೆಯಿಲ್ಲದೆ ಹುಟ್ಟಿದ ಒಂದು ಮಗುವನ್ನು ಮರೆಯದಿರುವುದು ಆ ಕಾರ್ಯವನ್ನು ಪೂರ್ಣಗೊಳಿಸುವ ಕರ್ತವ್ಯ. ವಿದ್ಯೆಯನ್ನು ಕಲಿಸುವವರೂ ಅದಕ್ಕೆ ನೆರವಾಗುವವರೂ ಈ ಎರಡನ್ನೂ ಒಟ್ಟಿಗೆ ಮನಗಾಣುವುದು ಉಚಿತ.