ಬೆಳಗಾವಿಯ ಓಟಗಾರರು

ಬಸವಕಲ್ಯಾಣ, ಹುಮನಾಬಾದಗಳ ನಮ್ಮ ವಾಚಕರಲ್ಲಿ ಗರಡಿಯ ಮಲ್ಲರ ಹೆಸರುಗಳನ್ನು ಬಲ್ಲವರು ಬಹಳ. ಓಟಗಾರರ ಹೆಸರನ್ನು ಬಲ್ಲವರು ವಿರಳ. ಆದುದರಿಂದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನು ಇಂದು ಸ್ಮರಿಸುತ್ತೇವೆ.

ಅವರು ಜನಿಸಿದುದು 1902ರಲ್ಲಿ. ಆಗ ಬೆಳಗಾವಿ ಮುಂಬಯಿ ಇಲಾಖೆಗೆ ಸೇರಿದ್ದಿತು, ನಮ್ಮ ಊರುಗಳು ನಿಜಾಮರಿಗೆ. ನಾಡು ಮಾತ್ರ ಒಂದೇ. ಪುಣೆಯ ಡೆಕ್ಕನ್ ಜಿಮಖಾನೆಯ ಪಂದ್ಯಗಳಲ್ಲಿ ಹಳ್ಳಿಯ ತರುಣರು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದ ಸರ್ ದೊರಾಬ್ಜಿ ತಾತಾರವರು, ಮುಂಬಯಿ ಗವರ್ನರರ ಸಹಾನುಭೂತಿಯನ್ನು ಸಂಪಾದಿಸಿ, 1920ರ ಆಂಟ್‌ವರ್ಪ್ ಒಲಿಂಪಿಕ್ ಕೂಟಕ್ಕೆ ನಾಲ್ವರು ಓಟಗಾರರನ್ನೂ ಇಬ್ಬರು ಮಲ್ಲರನ್ನೂ ಕಳುಹಿಸಿದರು. ಸ್ವರಾಜ್ಯವಿಲ್ಲದ ದೇಶವು ತನ್ನ ಹೆಸರಿನಿಂದಲೇ ಕಣಕ್ಕಿಳಿಯಿತು! ಆ ನಾಲ್ವರಲ್ಲಿ ಚೌಗುಲೆಯವರೊಬ್ಬರು.

ಹತ್ತು ಸಾವಿರ ಮೀಟರಿನ ಓಟದಲ್ಲಿ ಅವರಿಗೆ ಅಂತಿಮ ಸುತ್ತು ದೊರೆಯಲಿಲ್ಲ. ಆಗಸ್ಟ್ 22ರಂದು ಮ್ಯಾರಥಾನ್. ಲೋಕಮಾನ್ಯ ತಿಲಕರು ಕಾಲವಾಗಿ ಮೂರೇ ವಾರ. ಇತ್ತ ದೇಶದಲ್ಲಿ ಅಸಹಕಾರದ ಕಹಳೆ ಮೊಳಗಿದ್ದಿತು. ಅತ್ತ ಈ ಹದಿನೆಂಟರ ತರುಣರು ಚಳಿಮಳೆಯಲ್ಲಿ 42.75 ಕಿಲೋಮೀಟರು ಓಡಿದರು. ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅತಿ ದೀರ್ಘವಾದ ದಾರಿಯದು. 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಗೆದ್ದ ಫಿನ್ಲಂಡಿನ ಕೊಲೆಹ್ಮೈನೆನ್‌ರಿಗೂ ಅವರಿಗೂ ಅಂತರ ಹದಿನೆಂಟು ನಿಮಿಷ.

ಪದಕವಿಲ್ಲವೆಂದು ಇದನ್ನು ಸೋಲೆನ್ನುವವರುಂಟು, ನಾವು ಒಪ್ಪುವುದಿಲ್ಲ. 1976ರಲ್ಲಿ ಮಾಂಟ್ರಿಯಲಿನಲ್ಲಿ ಶಿವನಾಥಸಿಂಗರು 11ನೆಯವರಾಗಿ ಬರುವ ತನಕ, ಐವತ್ತಾರು ವರ್ಷ, ಒಲಿಂಪಿಕ್ ಮ್ಯಾರಥಾನಿನಲ್ಲಿ ಯಾವ ಭಾರತೀಯರೂ ಆ ಸ್ಥಾನವನ್ನು ಮೀರಲಿಲ್ಲ. ಅದನ್ನು ಕಾಣಲು ಚೌಗುಲೆಯವರಿರಲಿಲ್ಲ. 1952ರಲ್ಲಿಯೇ, ಐವತ್ತರ ವಯಸ್ಸಿನಲ್ಲಿ, ಕಾಲವಶರಾಗಿದ್ದರು.