ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್

ಧಾರೇಶ್ವರದ ಕಡಲದಂಡೆಯ ಮನೆಗಳಿಂದ ದೂರದ ಕಾರ್ಖಾನೆಗಳಿಗೆ ದುಡಿಯಲು ಹೊರಡುವ ಮಕ್ಕಳನ್ನು ನಾವು ಹರಸಿ ಕಳುಹಿಸುತ್ತೇವೆ. ಅಲ್ಲಿ ಅವರು ಉಸಿರಾಡುವ ಗಾಳಿ ಎಂತಹುದೆಂದು ವಿಚಾರಿಸುವವರು ವಿರಳ. ಹಾಗೆ ವಿಚಾರಿಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಅರುಹುವೆವು.

ಆಲಿಸ್ ಹ್ಯಾಮಿಲ್ಟನ್‌ರವರು 1869ರಲ್ಲಿ ಅಮೆರಿಕೆಯಲ್ಲಿ ಜನಿಸಿ, 1893ರಲ್ಲಿ ವೈದ್ಯ ಪದವಿಯನ್ನು ಪಡೆದರು. 1897ರಿಂದ ಶಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಗೃಹದಲ್ಲಿ ಬಡ ಕೂಲಿಕಾರರ ನೆರೆಯಲ್ಲಿಯೇ ವಾಸಿಸಿದರು. 1910ರಲ್ಲಿ ಇಲಿನಾಯ್ ಸರಕಾರವು ಕಸಬಿನ ರೋಗಗಳ ವಿಚಾರಣೆಯನ್ನು ನಡೆಸಲು, ಇವರು ಕಾರ್ಖಾನೆಗಳನ್ನು ಹೊಕ್ಕು, ಆಸ್ಪತ್ರೆಯ ದಾಖಲೆಗಳನ್ನು ಶೋಧಿಸಿ, ರೋಗಿಗಳ ಮನೆಗಳಿಗೂ ಹೋದರು. ಕೈ ತೊಳೆಯದ ಕೂಲಿಕಾರನದೇ ತಪ್ಪೆಂದು ಜನರು ನಂಬಿದ್ದ ಕಾಲದಲ್ಲಿ, ಸೀಸದ ವಿಷವು ಮುಖ್ಯವಾಗಿ ಧೂಳು ಹೊಗೆಗಳ ಮೂಲಕ ಉಸಿರಿನೊಡನೆ ಒಳಹೋಗುವುದೆಂದು ತೋರಿಸಿಕೊಟ್ಟರು. ಮರುವರ್ಷವೇ ಅಲ್ಲಿ ಕಾಯಿದೆಯಾಯಿತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಥಮ ಅಧ್ಯಾಪಕಿಯಾದರೂ, ಪದವೀದಾನದ ಮೆರವಣಿಗೆಯಲ್ಲಿ ಇವರಿಗೆ ಸ್ಥಾನವಿರಲಿಲ್ಲ. 1970ರಲ್ಲಿ, 101ನೆಯ ವಯಸ್ಸಿನಲ್ಲಿ, ದಿವಂಗತರಾದರು.

ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಗೆ ವಿಷವಸ್ತುಗಳ ಮಿತಿಯ ಪಟ್ಟಿ ಸೇರಿದುದು, ಭೋಪಾಲದ ದುರಂತವಾದ ಮೇಲೆ, 1987ರಲ್ಲಿ. ಎಂಟು ಗಂಟೆಯ ದುಡಿಮೆಯಲ್ಲಿ ಸೀಸಕ್ಕೆ ಅದು ವಿಧಿಸಿದ ಮಿತಿ, ಒಂದು ಘನ ಮೀಟರ್ ಗಾಳಿಗೆ ಸರಾಸರಿ 0.15 ಮಿಲಿಗ್ರಾಂ. ಆದರೆ ಗಾಳಿಯನ್ನು ಅಳೆಯುವವರಿಲ್ಲದಿದ್ದರೆ ಮಿತಿಯು ಬರಿಯ ಅಂಕೆ. ಆದುದರಿಂದ, ದುಡಿದು ಮನೆಗೆ ಬಂದ ಮಕ್ಕಳ ಸಂಬಳವನ್ನು ಕೇಳುವ ಮೊದಲು ಅವರ ಉಸಿರನ್ನು ವಿಚಾರಿಸೋಣ.